ಬೀರುವಿನ ಹಿಂದಿನ ಜೀರುಂಡೆ

ಜೀರುಂಡೆ ಬೀರುವಿನ ಹಿಂದೆಯೇ ಇದೆ ಅಂತ ನಾನು ತೀರ್ಮಾನಿಸಿದಾಗ ರಾತ್ರಿ ಒಂದೂವರೆ. ಅಮ್ಮನ ಕಾಲದ ಕಬ್ಬಿಣದ ಬೀರು, ಒಳಗೆ ಹೆಂಡತಿಯ ಸೀರೆಗಳ ಭಾರ ಬೇರೆ. ಒಬ್ಬನೇ ತಳ್ಳಿದೆ. ಬೀರು ನಾಲ್ಕು ಬೆರಳು ಸರಿಯಿತು, ನನ್ನ ಸೊಂಟ ಆರು ಬೆರಳು. ಹಿಂದೆ ಸಿಕ್ಕಿದ್ದು ಎರಡು ಬಾಚಣಿಗೆ, ಒಂದು ಹಳೆಯ ಕರೆಂಟ್ ಬಿಲ್ಲು. ಕೀಂ ಅನ್ನುವ ಸದ್ದು ಹಾಗೇ ಇತ್ತು.

"ಏನ್ರೀ ಇದು, ಅರ್ಧರಾತ್ರೀಲಿ ಮನೆ ಖಾಲಿ ಮಾಡ್ತಿದ್ದೀರಾ?"

"ನಿನಗೆ ಕೇಳಿಸ್ತಿಲ್ವಾ?"

"ನಿಮ್ಮ ಗಲಾಟೆ ಕೇಳಿಸ್ತಿದೆ."

ಬೆಳಿಗ್ಗೆ ಸಂಶಯ ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಹೋಯಿತು. ಲೈನ್‌ಮನ್ ಕೆಳಗೆ ನಿಂತು ಕಿವಿಗೊಟ್ಟು ಕೇಳಿ, ನನ್ನ ಮುಖ ನೋಡಿ, ಕಾಫಿ ಕುಡಿದು ಹೋದ. ಊರು ಬಿಟ್ಟಾದರೂ ನೋಡೋಣ ಅಂತ ನಂಜನಗೂಡಿನ ಬಸ್ಸು ಹತ್ತಿದೆ. ಜೀರುಂಡೆಯೂ ಹತ್ತಿತು, ಟಿಕೆಟ್ ಇಲ್ಲದೆ. ದಾರಿಯಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿ ಇಳಿದಾಗ, ಆ ನಿಶ್ಶಬ್ದದಲ್ಲಿ ಗೊತ್ತಾಯಿತು: ಅದು ಇರುವುದು ನನ್ನ ತಲೆಯೊಳಗೆ.

ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಆ ವಾರ ಅತ್ತಿದ್ದೇನೆ. ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು. ನಲ್ಲಿ ಬಿಟ್ಟರೆ ಕೀಂ ನನಗೆ ಕೇಳಿಸುತ್ತಿರಲಿಲ್ಲ, ಅಳು ಹೊರಗಿನವರಿಗೆ ಕೇಳಿಸುತ್ತಿರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ "ಸೈಲೆನ್ಸ್!" ಎಂದು ಗದರಿದ ಮೇಷ್ಟ್ರಿಗೆ ಪೆನ್ಷನ್ ಜೊತೆ ಇದು ಬರಬೇಕೇ? ಸಾಯುವ ತನಕ ಹೀಗೇನಾ ಅನ್ನುವ ಲೆಕ್ಕ ರಾತ್ರಿ ಮೂರಕ್ಕೆ ಶುರುವಾದರೆ ಹಾಲಿನವನು ಬರುವ ತನಕ ಮುಗಿಯುತ್ತಿರಲಿಲ್ಲ. ಬೀಥೋವನ್ ಕೂಡ 1801ರಲ್ಲಿ ಗೆಳೆಯನಿಗೆ ಕಾಗದ ಬರೆದು, ಕಿವಿ ಹಗಲೂ ರಾತ್ರಿ ಮೊರೆಯುತ್ತದೆ ಎಂದು ಗೋಳಾಡಿದ್ದನಂತೆ. ಅವನು ಆಮೇಲೆ ಸಿಂಫನಿ ಬರೆದ. ನಾನು ಬೀರು ಸರಿಸಿದೆ.

ಟೀ ಅಂಗಡಿಯಲ್ಲಿ ಬಾಯಿಬಿಟ್ಟದ್ದು ಮುಂದಿನ ತಪ್ಪು. "ಅಯ್ಯೋ ಬುಡಿ ಮೇಷ್ಟ್ರೇ, ಬಿಸಿ ಎಣ್ಣೇಲಿ ಬೆಳ್ಳುಳ್ಳಿ ಜಜ್ಜಾಕಿ ಎರಡು ತೊಟ್ಟು ಬುಟ್ಕಳಿ." ಬಿಟ್ಟುಕೊಂಡೆ. ದಿಂಬು ಚಟ್ನಿ ವಾಸನೆ ಹೊಡೆಯಿತು. ಹಳೆಯ ಸಹೋದ್ಯೋಗಿಯೊಬ್ಬರು ಮಾತ್ರ ಕೈಮುಗಿದೇಬಿಟ್ಟರು. "ಇದು ಅನಾಹತ ನಾದ. ಯೋಗಿಗಳು ವರ್ಷಗಟ್ಟಲೆ ತಪಸ್ಸು ಮಾಡಿದರೂ ಸಿಗೋದಿಲ್ಲ!" ಮೂರು ದಿನ ನಾನು ಯೋಗಿಯಾಗಿದ್ದೆ. ಉಳುಕಿದ ಸೊಂಟದಲ್ಲೇ ಪದ್ಮಾಸನ ಹಾಕಿ ಕೂತಿದ್ದವನಿಗೆ ಹೆಂಡತಿ ಕೇಳಿದಳು: "ಆ ನಾದ ಕೇಳ್ಸುತ್ತೆ, ಕುಕ್ಕರ್ ಏಳು ಸಲ ಕೂಗಿದ್ದು ಕೇಳ್ಸಲ್ವಾ?"

ಆಮೇಲೆ ನಂಜನಗೂಡಿನ ದೇವರು ನಂಜುಂಡ. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ಹಕೀಂ ನಂಜುಂಡ ಅನ್ನಿಸಿಕೊಂಡವನಿಗೆ ಮೇಷ್ಟ್ರ ಕಿವಿ ಯಾವ ಲೆಕ್ಕ? ಉರುಳು ಸೇವೆಗೆ ಹರಕೆ ಹೊತ್ತೆ. ಮಂಗಳಾರತಿಯ ಗಂಟೆಯ ಪಕ್ಕವೇ ನಿಂತಿದ್ದೆ. ಗಂಟೆ ನಿಂತಿತು, ಕೀಂ ಇಲ್ಲ! ಕಣ್ಣಲ್ಲಿ ನೀರು. ಬಸ್ ನಿಲ್ದಾಣ ಮುಟ್ಟುವ ಹೊತ್ತಿಗೆ ಅದು ಮತ್ತೆ ಬಂದು ಸೀಟು ಹಿಡಿದಿತ್ತು. ಜೋರು ಸದ್ದಿನ ನಂತರ ಮೊರೆತ ಕೆಲವರಿಗೆ ಕೊಂಚ ಹೊತ್ತು ಅಡಗುತ್ತದೆ, ಹಾಗಂತ ಗಂಟೆಯ ಬಾಯಿಗೆ ಕಿವಿ ಕೊಡುವುದು ಹುಚ್ಚುತನ ಅಂತ ಆಮೇಲೆ ತಿಳಿಯಿತು.

ತಿಳಿದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ. ಎರಡು ಬಸ್ಸು ಬದಲಿಸಿ, ಕ್ಯೂ ನಿಂತು ಹೆಸರು ಬರೆಸಿದರೆ ಅಲ್ಲಿನವರು ಕೇಳಿದರು: "ಹುಲ್ಲಹಳ್ಳಿಯವರಾ? ನಿಮ್ಮೂರಿನ ಸರ್ಕಾರಿ ಆಸ್ಪತ್ರೇಲೇ ನಮ್ಮ ಕೇಂದ್ರ ಇದೆಯಲ್ಲ ಸರ್!" ನಾನು ದಿನಾ ಪೇಪರ್ ತರಲು ಅದರ ಮುಂದೆಯೇ ಹಾದುಹೋಗುವವನು.

ಪರೀಕ್ಷೆಯ ಕೋಣೆಗೆ ಹೊರಗಿನ ಸದ್ದು ಬರುವುದಿಲ್ಲ. ಹೆಡ್‌ಫೋನ್ ಹಾಕಿ ಕೈಗೊಂದು ಬಟನ್ ಕೊಟ್ಟು, ಶಬ್ದ ಕೇಳಿದಾಗೆಲ್ಲ ಒತ್ತಿ ಅಂದರು. ಬಾಗಿಲು ಮುಚ್ಚಿತು. ಒಂದು ಜೀರುಂಡೆ ನೂರಾಯಿತು. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ನನ್ನ ಕಿವಿ ಎಷ್ಟು ಚುರುಕು ಅಂತ ಹೆಮ್ಮೆಯೂ ಆಯಿತು. ಗಾಜಿನಾಚೆಯ ಹುಡುಗಿ ಬಾಗಿಲು ತೆಗೆದು ಮೆಲ್ಲಗೆ ಹೇಳಿದಳು: "ಸರ್, ನಾನಿನ್ನೂ ಶುರುನೇ ಮಾಡಿಲ್ಲ."

ಮತ್ತೆ ಮಾಡಿದಾಗ ಕೀಚಲು ಶಬ್ದಗಳು ಸರಿಯಾಗಿ ಕೇಳಿಸುತ್ತಿಲ್ಲ ಅಂತ ಗೊತ್ತಾಯಿತು. ಒಳಗಿವಿಯ ಕೂದಲ ಕೋಶಗಳು ಒಮ್ಮೆ ಸವೆದರೆ ಮತ್ತೆ ಹುಟ್ಟುವುದಿಲ್ಲವಂತೆ. ಬರಬೇಕಾದ ಸದ್ದು ಬರದಿದ್ದಾಗ ಮಿದುಳು ತಾನೇ ವಾಲ್ಯೂಮ್ ಏರಿಸುತ್ತದೆ, ಸ್ಟೇಷನ್ ಸಿಗದ ರೇಡಿಯೋ ಗೊರಗುಟ್ಟುವ ಹಾಗೆ. ಮಾತ್ರೆ? ಆ ಹುಡುಗಿ ಅಂದಳು: "ಇದನ್ನ ನಿಲ್ಲಿಸೋ ಮಾತ್ರೆ ಇಲ್ಲ ಸರ್. ಹುಡುಕೋದು ನಿಲ್ಲಿಸಿ. ನೀವು ಕಿವಿಗೊಟ್ಟಷ್ಟೂ ಅದು ಮುಖ್ಯ ಅಂತ ಮಿದುಳು ತಿಳ್ಕೊಳ್ಳುತ್ತೆ. ಪೂರ್ತಿ ನಿಶ್ಶಬ್ದದಲ್ಲಿ ಮಲಗಬೇಡಿ, ಫ್ಯಾನ್ ಇರಲಿ."

ಅದನ್ನು ಕೇಳಿ ಅಪ್ಪ ನೆನಪಾದರು. ನಾನು ಹುಟ್ಟಿದ ಮನೆ ಹಿಟ್ಟಿನ ಗಿರಣಿಗೆ ಅಂಟಿಕೊಂಡಿತ್ತು. ಗಿರಣಿ ಓಡುವಾಗ ಅಪ್ಪ ಗೊರಕೆ ಹೊಡೆಯುತ್ತಿದ್ದರು. ಕರೆಂಟ್ ಹೋಗಿ ಬೆಲ್ಟು ನಿಂತರೆ "ಏನಾಯ್ತು?" ಅಂತ ಎದ್ದು ಕೂರುತ್ತಿದ್ದರು. ಮಿದುಳು ಮುಖ್ಯ ಅಲ್ಲ ಅಂದುಕೊಂಡ ಸದ್ದು ಕೇಳಿಸುವುದೇ ಇಲ್ಲ. ಆ ಹುಡುಗಿ ಹೇಳಿದ್ದು ಇದೇ ತಾನೆ?

ಈಗ ಎಂಟು ತಿಂಗಳು. ಕೀಂ ಇದೆ, ಇದನ್ನು ಬರೆಯುವಾಗಲಂತೂ ಜೋರಾಗಿಯೇ ಇದೆ. ಮಳೆಗಾಲದ ಸಂಜೆ ಕಪಿಲೆಯ ಅಣೆಕಟ್ಟೆ ಕಡೆ ಹೋಗಿ ಕೂರುತ್ತೇನೆ. ನೀರು ಧುಮುಕುವ ಸದ್ದಿನಲ್ಲಿ ಅದು ಇದೆಯೋ ಇಲ್ಲವೋ ಅಂತ ನೋಡಲು ಹೋಗುವುದಿಲ್ಲ. ಕೆಲವು ದಿನ ನೋಡಿಬಿಡುತ್ತೇನೆ.

ನಿಮ್ಮ ಕಿವಿಯೂ ಮೊರೆಯುತ್ತಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಾದರೆ ಅವತ್ತೇ ಓಡಿ, ನಾಳೆಗೆ ಇಡಬೇಡಿ. ಬೀರುವಿನ ತಂಟೆಗೆ ಮಾತ್ರ ಹೋಗಬೇಡಿ. ನನ್ನ ಸೊಂಟ ಇನ್ನೂ ಸರಿಹೋಗಿಲ್ಲ, ನಂಜುಂಡನ ಉರುಳು ಸೇವೆ ಹಾಗೇ ಬಾಕಿ ಇದೆ.