ಬಿಟ್ಟಿ ನಿಲ್ಲಿಸಿ ಎಂಬ ಮನವಿಯ ಕರಡು ತಡವಾದದ್ದರ ಬಗ್ಗೆ

ಶಿರಸಿ, 30 ಏಪ್ರಿಲ್ 2024

ಸೊಸೈಟಿ ಜಗಲಿಯ ಸಮಸ್ತ ಹಿರಿಯರಿಗೆ,

ಕವಳದ ಬಟ್ಟಲನ್ನು ನಡುವೆ ಇಟ್ಟುಕೊಂಡು ತಾವೆಲ್ಲ ಸರ್ವಾನುಮತದಿಂದ ಮಾಡಿದ ಠರಾವು ನೆನಪಿದೆ. ಸರ್ಕಾರಗಳು ಬಿಟ್ಟಿ ಹಂಚಿ ಹಂಚಿ ಜನರನ್ನು ಹಾಳು ಮಾಡುತ್ತಿವೆ, ಕೂಡಲೇ ನಿಲ್ಲಿಸಬೇಕು ಎಂದು ಉಪವಿಭಾಗಾಧಿಕಾರಿಗಳ ಮೂಲಕ ಬೆಂಗಳೂರಿಗೂ ದಿಲ್ಲಿಗೂ ಒಂದು ಮನವಿ ಹೋಗಬೇಕು. ಅಕ್ಷರ ದುಂಡಗಿರುವುದರಿಂದ ಕರಡು ನಾನು ಬರೆಯಬೇಕು. ನೀತಿ ಸಂಹಿತೆ ಇದೆ, ಸಾಹೇಬರು ಈಗ ಕೈಗೆ ತಗೊಳ್ಳುವುದು ಅನುಮಾನ ಎಂದದ್ದಕ್ಕೆ "ನಿಂಗೆಂತಕ್ಕೆ ಅದು, ಬರಿ ನೀನು" ಎಂದು ಗದರಿದಿರಿ. ಮೇ 7ಕ್ಕೆ ಮತದಾನ. ಕರಡು ಇನ್ನೂ ಮುಗಿದಿಲ್ಲ. ಬರೆಯುತ್ತ ಹೋದಂತೆ ಅದು ನನ್ನ ಕೈಮೀರಿ ಬೆಳೆಯುತ್ತಿದೆ, ಅದಕ್ಕೇ ಈ ಪತ್ರ.

ಶುರುವಿನಲ್ಲಿ ತೊಂದರೆ ಇರಲಿಲ್ಲ. ಮೊದಲನೇ ಕಲಮು ಅಕ್ಕಿಯದು. ನ್ಯಾಯಬೆಲೆ ಅಂಗಡಿಯ ಚೀಲಕ್ಕೆ ಬೀಳುವ 5 ಕಿಲೋ ದಿಲ್ಲಿಯದು. ಇನ್ನೈದು ಕಿಲೋ ಕೊಡಲು ಅಕ್ಕಿಯೇ ಸಿಗದೆ, ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕುವುದು ಬೆಂಗಳೂರಿನವರು. ಜಗಲಿಯ ಅಭಿಪ್ರಾಯದಂತೆ ಮೊದಲನೆಯದು ಗರೀಬ್ ಕಲ್ಯಾಣ, ಎರಡನೆಯದು ಬಿಟ್ಟಿ ಭಾಗ್ಯ. ಹಾಗಾಗಿ "ಕಣ್ಣಿಗೆ ಕಾಣುವ 5 ಕಿಲೋ ಮುಂದುವರಿಯಲಿ, ಕಣ್ಣಿಗೆ ಕಾಣದ 5 ಕಿಲೋ ನಿಲ್ಲಲಿ" ಎಂದು ಬರೆದೆ. ವ್ಯಾಕರಣ ಸರಿಯಿದೆ. ಅರ್ಥಕ್ಕೆ ಏನೋ ಆಗಿದೆ.

ಅದರ ಕೆಳಗೆ ತಮ್ಮ ಮುಖ್ಯ ದೂರು: "ಅಕ್ಕಿ ಪುಕ್ಕಟೆ ಸಿಕ್ಕಿದ್ದೇ ಸೈ, ತೋಟದ ಕೆಲಸಕ್ಕೆ ಒಂದು ಆಳು ಸಿಕ್ತಿಲ್ಲೆ ಮಾರಾಯ." ಇದಕ್ಕೆ ಲೆಕ್ಕ ಕೊಡೋಣ ಎಂದು ಕುಳಿತೆ. ತಿಂಗಳಿಗೆ 5 ಕಿಲೋ ಎಂದರೆ ದಿನಕ್ಕೆ 170 ಗ್ರಾಮಿಗೂ ಕಡಿಮೆ. ನಮ್ಮ ಕಡೆಯ ಮುಂಜಿಮನೆಯಲ್ಲಿ ಅಪ್ಪೆಹುಳಿ ಬರುವ ಮುಂಚೆಯೇ ಅಷ್ಟು ಅಕ್ಕಿಯ ಅನ್ನ ಬಾಳೆಯಿಂದ ಮಾಯವಾಗುತ್ತದೆ. ಇಷ್ಟರ ಮೇಲೆ ಅಡಕೆ ಕೊನೆ ಇಳಿಸುವ ಒಬ್ಬ ಕೊನೆಗೌಡ ತಿಂಗಳಿಡೀ ಮಲಗಿ ಕಾಲ ಕಳೆಯುತ್ತಾನೆ ಎಂದರೆ ಅವನನ್ನು ಸೋಮಾರಿ ಎನ್ನಬಾರದು, ಯೋಗಿ ಎನ್ನಬೇಕು. ಇನ್ನೊಂದು ತೊಡಕು: ನಮ್ಮ ಮಕ್ಕಳೂ ತೋಟಕ್ಕೆ ಇಳಿಯುವುದಿಲ್ಲ. ಅವರು ಬೆಂಗಳೂರಿನಲ್ಲಿ ಎಸಿ ಕೋಣೆಯಲ್ಲಿ ಕುಳಿತಿದ್ದಾರೆ, ಅದಕ್ಕೆ ನಾವು ಪ್ರಗತಿ ಎಂದು ಹೆಸರಿಟ್ಟು ಶ್ರಾದ್ಧದ ಊಟದಲ್ಲಿ ಹೇಳಿಕೊಳ್ಳುತ್ತೇವೆ. ಕೊನೆಗೌಡನ ಮಗ ಹುಬ್ಬಳ್ಳಿಗೋ ಗೋವೆಗೋ ಹೋದರೆ ಅದು ಅನ್ನಭಾಗ್ಯದ ದುಷ್ಪರಿಣಾಮ. ಮನವಿಯಲ್ಲಿ ಇದನ್ನು ಹೇಗೆ ಸೇರಿಸುವುದೆಂದು ತಿಳಿಯದೆ ಆ ಸಾಲನ್ನು ಸದ್ಯ ಖಾಲಿ ಬಿಟ್ಟಿದ್ದೇನೆ.

ನಿಜವಾದ ಫಜೀತಿ ಶುರುವಾದದ್ದು ಕರಡನ್ನು ಪರಿಚಯದ ವಕೀಲರೊಬ್ಬರಿಗೆ ತೋರಿಸಿದ ಮೇಲೆ. "ಬರೀ ಬಿಟ್ಟಿ ಎಂದರೆ ಆಗದು, ಏನೇನು ನಿಲ್ಲಿಸಬೇಕು ಅಂತ ಪಟ್ಟಿ ಲಗತ್ತಿಸಿ" ಎಂದರು. ಪಟ್ಟಿ ಮಾಡಿದೆ. ರಾಜ್ಯದ ಐದು ಗ್ಯಾರಂಟಿಗಳು: ಶಕ್ತಿ ಬಸ್ಸು, ಗೃಹಜ್ಯೋತಿ, ಗೃಹಲಕ್ಷ್ಮಿ, ಅನ್ನಭಾಗ್ಯ, ಯುವನಿಧಿ. ಅಷ್ಟಕ್ಕೇ ನಿಲ್ಲಿಸಿ ಸಹಿಗೆ ತರಬಹುದಿತ್ತು. ಆದರೆ ಆ ಮನುಷ್ಯ ಕನ್ನಡಕ ಮೇಲೆ ಸರಿಸಿ, "ಮನೆ ಕರೆಂಟಿನ 200 ಯೂನಿಟ್ ಬರೆದಿರಿ, 10 ಎಚ್‌ಪಿ ತನಕದ ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟು ಬರೆಯಲಿಲ್ಲವಲ್ಲ?" ಎಂದು ಕೇಳಿಬಿಟ್ಟರು. ಅದು ಕೃಷಿ ಎಂದೆ. "ಹೌದು, ಅದು ಕೃಷಿ, ಇದು ಮನೆ. ಬಿಲ್ಲು ಕಟ್ಟುವವರು ಇಬ್ಬರಿಗೂ ಒಬ್ಬರೇ" ಎಂದರು. ಅಲ್ಲಿಂದ ಪಟ್ಟಿ ಉದ್ದವಾಗತೊಡಗಿತು.

ಶೂನ್ಯ ಬಡ್ಡಿಯ ಬೆಳೆಸಾಲವನ್ನೇ ತೆಗೆದುಕೊಳ್ಳಿ, ಇದೇ ಸೊಸೈಟಿಯಲ್ಲಿ ನಾವೆಲ್ಲ ಪಡೆಯುವಂಥದ್ದು. ಮೊದಲು 3 ಲಕ್ಷದ ತನಕ ಇತ್ತು, ಕಳೆದ ವರ್ಷದ ಬಜೆಟ್ಟಿನಲ್ಲಿ 5 ಲಕ್ಷಕ್ಕೆ ಏರಿಸಿದರು. ಹೊರಗೆ ಶೇ. 8ರ ಬಡ್ಡಿ ಎಂದು ಹಿಡಿದರೂ 3 ಲಕ್ಷಕ್ಕೆ ವರ್ಷಕ್ಕೆ 24 ಸಾವಿರ ರೂಪಾಯಿ ನಮಗೆ ಉಳಿಯುತ್ತದೆ. ಗೃಹಲಕ್ಷ್ಮಿಯ ತಿಂಗಳ 2 ಸಾವಿರವನ್ನು ಹನ್ನೆರಡರಿಂದ ಗುಣಿಸಿ ನೋಡಿ. ನಾನು ಎರಡೆರಡು ಸಲ ನೋಡಿದೆ. ಅದೂ 24 ಸಾವಿರವೇ. ಯಾವ ಅರ್ಥಸಚಿವನೂ ಇಷ್ಟು ಕರಾರುವಾಕ್ಕಾಗಿ ನಮ್ಮ ಅಟ್ಟವನ್ನೂ ಕೂಲಿಯವರ ಕೇರಿಯನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿದ್ದು ನಾನು ಕಾಣೆ. ವ್ಯತ್ಯಾಸ ಇಷ್ಟೇ: ನಮ್ಮದು ಪಾಸ್‌ಬುಕ್ಕಿನಲ್ಲಿ ಬಾರದೇ ಹೋದ ಬಡ್ಡಿಯಾಗಿ ಮರ್ಯಾದೆಯಿಂದ ಕುಳಿತಿರುತ್ತದೆ, ಅವರದು ಮೊಬೈಲಿಗೆ ಮೆಸೇಜು ಬಂದು ಬಸ್ಸಿನಲ್ಲೆಲ್ಲ ಸದ್ದು ಮಾಡುತ್ತದೆ.

ಸಾಲಮನ್ನಾವನ್ನಂತೂ ಬಿಡುವ ಹಾಗೇ ಇಲ್ಲ. 2017ರಲ್ಲಿ ಸಿದ್ದರಾಮಯ್ಯ ಸಹಕಾರಿ ಸಾಲದಲ್ಲಿ 50 ಸಾವಿರ ಬಿಟ್ಟರು, 2018ರಲ್ಲಿ ಕುಮಾರಸ್ವಾಮಿ 1 ಲಕ್ಷ. ಗೃಹಲಕ್ಷ್ಮಿಯ ಹೆಂಗಸೊಬ್ಬಳು 1 ಲಕ್ಷ ಮುಟ್ಟಲು 50 ತಿಂಗಳು ಕಾಯಬೇಕು, ಅದೂ ಕಂತು ತಪ್ಪದಿದ್ದರೆ. ಪಿಎಂ ಕಿಸಾನ್ ವರ್ಷಕ್ಕೆ 6 ಸಾವಿರ; ಮೊದಲ ಕಂತು ಬಂದದ್ದು ಫೆಬ್ರುವರಿ 2019, ಲೋಕಸಭೆ ಚುನಾವಣೆ ಬಾಗಿಲಲ್ಲಿ ನಿಂತಿದ್ದಾಗ. ಅದನ್ನು ಆಮಿಷ ಎಂದವರು ನಮ್ಮ ಜಗಲಿಯಲ್ಲಿ ಯಾರೂ ಇರಲಿಲ್ಲ, ಸನ್ಮಾನ ಎಂದೆವು. ಇನ್ನು ವಿದೇಶಿ ಅಡಕೆ. ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351ಕ್ಕೆ ಏರಿಸಿದ್ದು 2023ರ ಫೆಬ್ರುವರಿಯಲ್ಲಿ. ಇಷ್ಟಕ್ಕೂ ಸಾಲದು ಎಂದು ಮತ್ತೆ ಮತ್ತೆ ನಿಯೋಗ ಒಯ್ಯುವವರೂ ನಾವೇ. ಮಾರುಕಟ್ಟೆ ತನ್ನಷ್ಟಕ್ಕೆ ತಾನಿರಲಿ, ಬಡವ ತನ್ನ ಕಾಲ ಮೇಲೆ ತಾನು ನಿಲ್ಲಲಿ, ರಾಶಿ ಅಡಕೆಯ ಧಾರಣೆಯನ್ನು ಮಾತ್ರ ಸರ್ಕಾರ ಹಿಡಿದು ನಿಲ್ಲಿಸಲಿ. ಬೇಡಿಕೆ ತಪ್ಪೆಂದು ನಾನು ಹೇಳುತ್ತಿಲ್ಲ, ನನ್ನ ಮನೆಯ ಅಟ್ಟದಲ್ಲೂ ಚಾಲಿ ಮೂಟೆಗಳಿವೆ. ಪಟ್ಟಿಯಲ್ಲಿ ಯಾವ ಸಂಖ್ಯೆ ಕೊಡಲಿ ಎಂದಷ್ಟೇ ಕೇಳುತ್ತಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಬೆಟ್ಟ ಬಂತು. ವಕೀಲರು ಬಿಟ್ಟಿದ್ದರೂ ನಾನೇ ಬಿಡುತ್ತಿರಲಿಲ್ಲ. ಬ್ರಿಟಿಷರ ಕಾಲದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ. ಸೊಪ್ಪು ನಮ್ಮದು, ದರಕು ನಮ್ಮದು, ಕರಡ ನಮ್ಮದು. ಭೂಮಿ ಮಾತ್ರ ಸರ್ಕಾರದ್ದು. ಇಂಥ ಸವಲತ್ತು ದೇಶದಲ್ಲಿ ಬೇರೆ ಯಾವ ಬೆಳೆಗಾರನಿಗೆ ಇದೆಯೋ ನಾನರಿಯೆ. ಅಜ್ಜಂದಿರು ಬುದ್ಧಿವಂತರು, ಕಾಡಿಲ್ಲದೆ ತೋಟವಿಲ್ಲ ಎಂದು ಬಿಳಿಯ ಸಾಹೇಬನಿಗೆ ಒಪ್ಪಿಸಿ ದಾಖಲೆ ಮಾಡಿಸಿಕೊಂಡರು. ಅದೇ ಬೆಟ್ಟದ ಅಂಚಿನಲ್ಲಿ ಅರ್ಧ ಎಕರೆ ಗದ್ದೆ ತೆಗೆದು ಗುಡಿಸಲು ಹಾಕಿಕೊಂಡವನು ಅತಿಕ್ರಮಣದಾರ. ಅವನಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎಂದು ಒಬ್ಬರು ಹೇಳಿದಿರಿ. ಇದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಯಲ್ಲಾಪುರದ ಸಿದ್ದಿಗಳಿಗೆ ದಾರಿ ಸ್ವಲ್ಪ ಸಲೀಸು. ಉಳಿದವನು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದ ಎಂದು ರುಜುವಾತು ಕೊಡಬೇಕು. ಓದು ಬಾರದ ಅಜ್ಜ ಬರೆದಿಟ್ಟ ಕಾಗದವನ್ನು ಓದು ಬಾರದ ಮೊಮ್ಮಗ ಕಚೇರಿಗೆ ಕೊಡಬೇಕು, ಅಷ್ಟೇ.

ಈ ಭಾಗವನ್ನು ಬರೆಯುತ್ತಿದ್ದಾಗ ಅಂಗಳದಲ್ಲಿ ಸೋಗೆ ಕಟ್ಟುತ್ತಿದ್ದವನು ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡಿದ್ದ. "ಹೆಗಡೇರೆ, ಎಲ್ಲಾರ್ದೂ ಒಟ್ಟಿಗೆ ನಿಲ್ಸೂದಾದ್ರೆ ನಂದೂ ಒಂದು ಹೆಬ್ಬೆಟ್ಟು ಹಾಕಿ" ಎಂದ. ಹಾಗಾಗಿ ಮನವಿಗೆ ಈಗ ಒಂದು ಬೆಂಬಲ ಇದೆ. ಅದು ಜಗಲಿಯ ಹೊರಗಿನದು.

ಪಕ್ಷಗಳ ವಿಚಾರದಲ್ಲಿ ಮನವಿ ತಟಸ್ಥವಾಗಿರಬೇಕು ಎಂದಿದ್ದಿರಿ. ಅದು ಸುಲಭ, ಅವರೂ ಈ ವಿಷಯದಲ್ಲಿ ತಟಸ್ಥರೇ. ಉಚಿತದ ಮಿಠಾಯಿ ಹಂಚುವ ಸಂಸ್ಕೃತಿ ಅಪಾಯಕಾರಿ ಎಂದು ಪ್ರಧಾನಿ ಎಚ್ಚರಿಸಿದ್ದು 2022ರ ಜುಲೈನಲ್ಲಿ. 2023ರ ಮೇ 1ಕ್ಕೆ ಅವರದೇ ಪಕ್ಷದ ಪ್ರಣಾಳಿಕೆಯಲ್ಲಿ ಯುಗಾದಿಗೊಂದು, ಚೌತಿಗೊಂದು, ದೀಪಾವಳಿಗೊಂದು ಪುಕ್ಕಟೆ ಸಿಲಿಂಡರು, ದಿನಾ ಅರ್ಧ ಲೀಟರು ನಂದಿನಿ ಹಾಲು. ಆಗ ಸ್ಪೀಕರ್ ಆಗಿದ್ದ ನಮ್ಮ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಹಾಲು, ಸಿಲಿಂಡರು ಎರಡೂ ಕೈಯಲ್ಲಿದ್ದು ಶಿರಸಿಯಲ್ಲಿ ಭೀಮಣ್ಣ ನಾಯ್ಕರ ಎದುರು ಸೋತರು. ಈಗ ಲೋಕಸಭೆಗೆ ಅವರೇ ಹುರಿಯಾಳು, ಆರು ಸಲ ಗೆದ್ದ ಅನಂತಕುಮಾರ ಹೆಗಡೆಯವರಿಗೆ ಟಿಕೆಟ್ ಇಲ್ಲ. ಪ್ರಧಾನಿ ಮೊನ್ನೆ 28ಕ್ಕೆ ಶಿರಸಿಗೇ ಬಂದು ಹೋದರು. ಆ ಕಡೆ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್, ಜೊತೆಗೆ ಬಡ ಕುಟುಂಬದ ಹೆಂಗಸಿಗೆ ವರ್ಷಕ್ಕೆ 1 ಲಕ್ಷದ ಮಹಾಲಕ್ಷ್ಮಿ. ಯಲ್ಲಾಪುರದವರ ಕಷ್ಟ ಬೇರೆ: ಶಿವರಾಮ ಹೆಬ್ಬಾರರು ಕೈಯಲ್ಲೂ ಗೆದ್ದರು, ಕಮಲದಲ್ಲೂ ಗೆದ್ದರು, ಫೆಬ್ರುವರಿಯ ರಾಜ್ಯಸಭೆ ಚುನಾವಣೆಗೆ ಹೋಗಲೇ ಇಲ್ಲ, ಈ ತಿಂಗಳು ಮಗ ಕಾಂಗ್ರೆಸ್ ಸೇರಿದರು. ಅಲ್ಲಿಯ ಮತದಾರರು ಪಕ್ಷ ಆರಿಸುವ ಶ್ರಮವನ್ನು ಶಾಸಕರಿಗೇ ಬಿಟ್ಟುಕೊಟ್ಟು ನಿಶ್ಚಿಂತರಾಗಿರುವುದು ನನಗೆ ವಿವೇಕವೆಂದೇ ಕಾಣುತ್ತದೆ.

"ಬಿಟ್ಟಿ ತಿಂದವರು ಮತ ಮಾರಿಕೊಳ್ಳುತ್ತಾರೆ" ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕು ಎಂದಿದ್ದಿರಿ. ಹಾಕುವ ಮುಂಚೆ ನಮ್ಮದೇ ಚರಿತ್ರೆ ನೋಡಿದೆ. ಕುಮಾರಸ್ವಾಮಿಯವರ 1 ಲಕ್ಷದ ಮನ್ನಾ ಘೋಷಣೆಯಾದ ಮರುವರ್ಷವೇ, 2019ರಲ್ಲಿ, ಇಲ್ಲಿ ಜೆಡಿಎಸ್‌ನಿಂದ ನಿಂತಿದ್ದ ಆನಂದ ಅಸ್ನೋಟಿಕರ್ ಅವರನ್ನು ನಾವು ಸೋಲಿಸಿದ ಅಂತರ 4.79 ಲಕ್ಷ. ಹಣ ಇಸಿದುಕೊಂಡು ಮತ ಕೊಡದೇ ಇರುವಷ್ಟು ಸ್ವಾಭಿಮಾನ ನಮ್ಮಲ್ಲಿ ಇತ್ತು. ಪುಕ್ಕಟೆ ಟಿಕೆಟ್ಟು ಹರಿಸಿಕೊಂಡು ಸಿಗಂದೂರಿಗೆ ಹೋಗಿಬಂದವಳಿಗೆ ಅದೇ ಸ್ವಾಭಿಮಾನ ಇರಲಾರದು ಎಂದು ಬರೆಯಲು ಆಧಾರ ಕೇಳಿದರೆ ಏನು ಹೇಳಲಿ? ಆ ಬಸ್ಸಿನಲ್ಲಿ ಜಗಲಿಯ ಅರ್ಧ ಮನೆಗಳ ಅತ್ತಿಗೆಯರೂ ಇದ್ದರು. ಬಿಪಿಎಲ್ ಕಾರ್ಡಿನ ಮಾತು ಬೇಡ. ವರ್ಷದ ಆದಾಯ 1.20 ಲಕ್ಷ ಮೀರಬಾರದು ಎಂಬ ನಿಯಮಕ್ಕೆ ನಮ್ಮೂರಲ್ಲಿ ಕಾರು ಮಗನ ಹೆಸರಲ್ಲಿದೆ, ತೋಟ ತೀರಿಕೊಂಡ ಅಜ್ಜನ ಹೆಸರಲ್ಲಿದೆ, ಬಡತನ ಅತ್ತೆಯ ಹೆಸರಲ್ಲಿದೆ.

ತಮ್ಮ ವಾದಗಳಲ್ಲಿ ಒಂದನ್ನು ಮಾತ್ರ ನಾನು ನಗದೆ ಕೇಳಿದ್ದೇನೆ. ಈ ಸಲದ ಬಜೆಟ್ಟಿನಲ್ಲಿ ಗ್ಯಾರಂಟಿಗಳಿಗೆ 52 ಸಾವಿರ ಕೋಟಿ, ಆ ದುಡ್ಡಿನಲ್ಲಿ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಆಗುತ್ತಿತ್ತಲ್ಲ ಎಂದಿರಿ. ಸತ್ಯ. ಎದೆನೋವು ಬಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವುದು ತೋಟಿಗರಿಗೂ ಕೂಲಿಯವರಿಗೂ ತಪ್ಪಿಲ್ಲ. ಆದರೆ ಶಿರೂರು ಟೋಲ್ ಗೇಟಿನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸು ಮಗುಚಿ, ಜಿಲ್ಲೆಯಿಡೀ ಆಸ್ಪತ್ರೆಗಾಗಿ ಕೂಗಿದ್ದು 2022ರ ಜುಲೈನಲ್ಲಿ. ಆಗ ಐದು ಗ್ಯಾರಂಟಿಗಳು ಇರಲಿಲ್ಲ. ಆಸ್ಪತ್ರೆಯೂ ಇರಲಿಲ್ಲ. ಆಸ್ಪತ್ರೆ ಕೇಳಿ ಬೇರೆಯೇ ಮನವಿ ಬರೆಯುತ್ತೇನೆ, ಅದಕ್ಕೆ ಯಾರದ್ದನ್ನೂ ನಿಲ್ಲಿಸಬೇಕಾದ ಪಟ್ಟಿ ಬೇಡ.

ಸದ್ಯ ಈ ಮನವಿ ಸೊಸೈಟಿಯ ಕಿಟಕಿ ಪಕ್ಕದ ಮೇಜಿನ ಮೇಲಿದೆ. ವಕೀಲರ ಸಲಹೆಯಂತೆ ಸಹಿಗಿಂತ ಮೊದಲು ಒಂದು ಸಾಲು ಸೇರಿಸಿದ್ದೇನೆ: "ಮೇಲ್ಕಾಣಿಸಿದ ಪಟ್ಟಿಯಲ್ಲಿ ನನಗೆ ಸಿಗುತ್ತಿರುವುದನ್ನು ಇಂದಿನಿಂದಲೇ ಬಿಟ್ಟುಕೊಡುತ್ತೇನೆ." ಪಹಣಿ, ಆಧಾರ್, ಪಾಸ್‌ಬುಕ್ಕಿನ ಒಂದೊಂದು ಝೆರಾಕ್ಸ್ ಲಗತ್ತಿಸಬೇಕು. ಹಿರಿತನದ ಪ್ರಕಾರ ಸಹಿಗೆ ಜಾಗ ಬಿಟ್ಟಿದ್ದೇನೆ, ಹೆಬ್ಬೆಟ್ಟಿಗೆ ಕೆಳಗೆ ಪ್ರತ್ಯೇಕ ಜಾಗವಿದೆ. ಪೆನ್ನನ್ನು ದಾರದಿಂದ ಮೇಜಿನ ಕಾಲಿಗೆ ಕಟ್ಟಿದ್ದೇನೆ. ದಯವಿಟ್ಟು ಯಾರೂ ಒಯ್ಯಬೇಡಿ, ಅದು ನಾನು ಹತ್ತು ರೂಪಾಯಿ ಕೊಟ್ಟು ತಂದದ್ದು.

ಇಂತಿ ತಮ್ಮ ವಿಧೇಯ,
ಕರಡು ಬರೆಯುವ ತಮ್ಮ