ಕಲಿ ಇನ್ನೂ ಹಾಜರಿ ಹಾಕಿಲ್ಲ

ನಮ್ಮ ಸೋದರತ್ತೆಯ ಪ್ರಕಾರ ಈ ಲೋಕದಲ್ಲಿ ನಡೆಯುವ ಅಪರಾಧಗಳಿಗೆಲ್ಲ ಆರೋಪಿ ಒಬ್ಬನೇ. ಕಾಯಿಸಿದ ಹಾಲು ಕೆನೆ ಕಟ್ಟಲಿಲ್ಲವೋ, ಕಲಿಗಾಲ. ಪಕ್ಕದ ಮನೆಯವರು ದೋಸೆಹಿಟ್ಟನ್ನು ಅಂಗಡಿಯಿಂದ ತಂದರೋ, ಕಲಿಗಾಲ. ಮದುವೆಮನೆಯಲ್ಲಿ ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ ಡ್ರೋನ್ ಬಂದು ಪುರೋಹಿತರ ಶಲ್ಯ ಹಾರಿಸಿದ್ದಂತೂ ಕಡು ಕಲಿಗಾಲ. ಕೆಲಸದಾಕೆ ನಾಳೆ ಬರುವುದಿಲ್ಲವೆಂದು ವಾಟ್ಸಾಪಿನಲ್ಲಿ ಹೇಳಿದರೂ ಕಲಿಗಾಲ, ಹೇಳದೆ ತಪ್ಪಿಸಿಕೊಂಡರೂ ಕಲಿಗಾಲ. ಪೊಲೀಸರಿಗೆ ಇಂಥ ಆರೋಪಿ ಒಬ್ಬ ಸಿಕ್ಕಿದ್ದರೆ ಬಾಕಿ ಇರುವ ಮೊಕದ್ದಮೆಗಳೆಲ್ಲ ಸಂಕ್ರಾಂತಿಯೊಳಗೆ ಮುಗಿದುಹೋಗುತ್ತಿದ್ದವು.

ಯಾರೂ ದಿಕ್ಕಿಲ್ಲದ ಈ ಆರೋಪಿಯ ಮೇಲೆ ನನಗೆ ಕನಿಕರ ಹುಟ್ಟಿತು. ಅವನ ಪರವಾಗಿ ವಕಾಲತ್ತು ಹಾಕಿದೆ. ನನ್ನ ಮೊದಲ ಸಾಕ್ಷಿ ಅಡುಗೆಮನೆಯ ಬಾಗಿಲ ಪಕ್ಕ ಮೊಳೆಗೆ ನೇತುಬಿದ್ದಿರುವ ಪಂಚಾಂಗ. ಅತ್ತೆ ಅದರಲ್ಲಿ ಏಕಾದಶಿ ಮತ್ತು ರಾಹುಕಾಲ ಮಾತ್ರ ನೋಡುತ್ತಾರೆ. ನಾನು ಮೊದಲ ಪುಟ ನೋಡಿದೆ. ವಿಶ್ವಾವಸು ಸಂವತ್ಸರಕ್ಕೆ ಶಾಲಿವಾಹನ ಶಕೆ 1947, ಗತಕಲಿ 5126. ಶಕೆಗೆ 3179 ಕೂಡಿಸಿದರೆ ಕಲಿಯ ಲೆಕ್ಕ ಸಿಗುತ್ತದೆ. ನಮ್ಮ ಜೋಯಿಸರು ಇದನ್ನು ಬೆರಳು ಮಡಿಸದೆ ಹೇಳುತ್ತಾರೆ, ನನಗೆ ಫೋನು ಬೇಕಾಯಿತು.

ಕಲಿಯುಗದ ಒಟ್ಟು ಅವಧಿ 4,32,000 ವರ್ಷ. ದ್ವಾಪರ ಅದರ ಎರಡರಷ್ಟು, ತ್ರೇತೆ ಮೂರರಷ್ಟು, ಕೃತ ನಾಲ್ಕರಷ್ಟು. ಎಲ್ಲ ಕೂಡಿದರೆ 43,20,000. ಅಂಥ ಸಾವಿರ ಕಳೆದರೆ ಬ್ರಹ್ಮನಿಗೆ ಒಂದು ಹಗಲು. ಇಲ್ಲಿಯವರೆಗೆ ಅತ್ತೆಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಪ್ರತಿ ಯುಗಕ್ಕೂ ಒಂದು ಮುಂಬೆಳಗು, ಒಂದು ಮುಸ್ಸಂಜೆ ಉಂಟು. ಕಲಿಯುಗದ 1200 ದೇವವರ್ಷಗಳಲ್ಲಿ ಮೊದಲ 100 ಸಂಧ್ಯೆ, ಕೊನೆಯ 100 ಸಂಧ್ಯಾಂಶ. ದೇವತೆಗಳ ಒಂದು ವರ್ಷಕ್ಕೆ ನಮ್ಮ 360. ಅಂದರೆ ಮುಂಬೆಳಗೇ 36,000 ವರ್ಷ. ಕಳೆದಿರುವುದು 5126. ಇನ್ನೂ 30,874 ವರ್ಷ ನಸುಕೇ ಹರಿಯಬೇಕು.

‘ಅತ್ತೆ, ಕಲಿ ಇನ್ನೂ ಎದ್ದು ಮುಖ ತೊಳೆದಿಲ್ಲ. ಡ್ಯೂಟಿಗೆ ಹಾಜರಿಯನ್ನೇ ಹಾಕದವನ ಮೇಲೆ ದೂರು ಕೊಡೋದು ಯಾವ ನ್ಯಾಯ? ಎರಡು ಮಹಾಯುದ್ಧ ಮಾಡಿದ್ದು ನಾವು, ಕೆರೆ ಮುಚ್ಚಿ ಸೈಟು ಹಂಚಿದ್ದು ನಾವು. ಅವನ ಕೈಯೇ ಇಲ್ಲ ಇದರಲ್ಲಿ’ ಎಂದೆ.

ಅತ್ತೆ ಹುರಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. ‘ನಸುಕಿಗೇ ಇಷ್ಟಾದ್ರೆ ಬಿಸಿಲೇರಿದ ಮೇಲೆ ಗತಿಯೇನೋ?’ ಎಂದರು.

ವಕೀಲನಾದವನು ಇಂಥ ಪೆಟ್ಟಿಗೆಲ್ಲ ಹೆದರಬಾರದು. ಹಿಂದಿನವರ ಸಾಕ್ಷ್ಯ ಹುಡುಕಿಕೊಂಡು ಹೊರಟೆ. ಆರ್ಯಭಟ ತನ್ನ ವಯಸ್ಸನ್ನು ಕಲಿಯ ಲೆಕ್ಕದಲ್ಲೇ ಹೇಳಿಕೊಂಡಿದ್ದಾನೆ: ಅರವತ್ತರ ಅರವತ್ತು, ಅಂದರೆ 3600 ವರ್ಷ ಕಳೆದಾಗ ತನಗೆ ಇಪ್ಪತ್ತಮೂರು. ಅದು ಕ್ರಿ.ಶ. 499. ಕಾಲ ಕೆಟ್ಟಿತೆಂದು ಒಂದು ನಿಟ್ಟುಸಿರೂ ಇಲ್ಲ. ಅಷ್ಟೇ ಅಲ್ಲ, ಅವನು ನಾಲ್ಕು ಯುಗಗಳಿಗೂ 10,80,000 ವರ್ಷಗಳ ಸಮಪಾಲು ಕೊಟ್ಟ. ನಾಲ್ವರು ಅಣ್ಣತಮ್ಮಂದಿರಲ್ಲಿ ಹಿರಿಯನಿಗೆ ನಾಲ್ಕು ಪಾಲು, ಕಿರಿಯನಿಗೆ ಒಂದು ಎಂಬ ಹಳೆಯ ಪಾಲುಪಟ್ಟಿಯನ್ನು ಹರಿದುಹಾಕಿದ ಹಾಗಾಯಿತು ಇದು. ಸ್ಮೃತಿಗೆ ವಿರೋಧವಾಯಿತೆಂದು ಬ್ರಹ್ಮಗುಪ್ತ ಮುಂದೆ ಅವನನ್ನು ಚೆನ್ನಾಗಿ ಝಾಡಿಸಿದ. ಆಸ್ತಿಯಲ್ಲಿ ಸಮಪಾಲು ಎಂದಾಗ ಎದ್ದುನಿಲ್ಲುವ ಒಬ್ಬ ದೊಡ್ಡಪ್ಪ ಎಲ್ಲ ಕಾಲದಲ್ಲೂ ಇರುತ್ತಾನೆ.

ನಮ್ಮ ಐಹೊಳೆಯ ರವಿಕೀರ್ತಿಯದು ಇನ್ನೂ ಗಟ್ಟಿ ಸಾಕ್ಷ್ಯ. ಮೇಗುತಿ ಗುಡ್ಡದ ಜಿನಾಲಯದ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಬರೆದವನು ಅವನು. ಭಾರತಯುದ್ಧ ಕಳೆದು 3735 ವರ್ಷ, ಕಲಿಕಾಲದಲ್ಲಿ ಶಕರಾಜರ 556 ವರ್ಷ ಎಂದು ಕಾಲ ನಮೂದಿಸುತ್ತಾನೆ. ಕ್ರಿ.ಶ. 634ರ ಮಾತು. ಕಲಿಕಾಲ ಅವನಿಗೆ ಬರಿಯ ತಾರೀಖು. ಅಳುವುದಿರಲಿ, ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಯನ್ನು ಮುಟ್ಟಿದವನೆಂದು ಅದೇ ಕಲ್ಲಿನಲ್ಲಿ ಕೊರೆಸಿಕೊಂಡ. ಈಗಿನ ಕವಿಗಳು ಇದನ್ನು ಪುಸ್ತಕದ ಬೆನ್ನುಡಿಯಲ್ಲಿ, ಅದೂ ಸ್ನೇಹಿತರ ಕೈಯಲ್ಲಿ ಬರೆಸುತ್ತಾರೆ. ಕಾಲ ಕೆಟ್ಟಿದೆ ಎನ್ನುವುದಕ್ಕೆ ನನಗೆ ಕಂಡ ಪುರಾವೆ ಇದೊಂದೇ.

‘ಶಾಸನಗೀಸನ ಬಿಡು, ಭಾಗವತದಲ್ಲಿ ಏನಿದೆ ಹೇಳು’ ಎಂದರು ಅತ್ತೆ. ಅವರಿಗೆ ಹರಿಕಥೆಯ ಬಲವಿದೆ. ಪರೀಕ್ಷಿತನ ಪ್ರಸಂಗ ತೆಗೆದರು. ರಾಜನ ವೇಷ ತೊಟ್ಟವನೊಬ್ಬ ಹಸುವನ್ನೂ ಒಂಟಿಕಾಲಿನ ಎತ್ತನ್ನೂ ಬಡಿಯುತ್ತಿದ್ದ. ಹಸು ಭೂಮಿತಾಯಿ, ಎತ್ತು ಧರ್ಮ. ತಪಸ್ಸು, ಶೌಚ, ದಯೆ ಎಂಬ ಮೂರು ಕಾಲು ಆಗಲೇ ಮುರಿದು, ಉಳಿದದ್ದು ಸತ್ಯ ಒಂದೇ. ಪರೀಕ್ಷಿತ ಕತ್ತಿ ಹಿರಿದ. ಆ ಮನುಷ್ಯ ಕಾಲಿಗೆ ಬಿದ್ದ. ಅವನೇ ಕಲಿ.

ಇದು ಅತ್ತೆಯ ಕಡೆಯ ಸಾಕ್ಷಿಯಾದರೂ ಪಾಟೀಸವಾಲಿನಲ್ಲಿ ನನಗೇ ಒದಗಿತು. ಏಕೆಂದರೆ ಮುಂದೆ ಕಲಿ ನಡೆದುಕೊಂಡ ರೀತಿ ನೋಡಿ. ಇರಲು ಜಾಗ ಕೊಡಿ ಎಂದು ಬೇಡಿದ. ಜೂಜು, ಕುಡಿತ, ಹೆಣ್ಣಿನ ಚಪಲ, ಹಿಂಸೆ ಇರುವ ಕಡೆ ಇರು ಎಂದ ರಾಜ. ಸಾಲದು ಎಂದಾಗ ಬಂಗಾರವನ್ನೂ ಕೊಟ್ಟ. ಹೀಗೆ ದೊರೆಯ ಅಪ್ಪಣೆ ಪಡೆದು, ತೋರಿಸಿದ ಜಾಗದಲ್ಲಿ ಮಾತ್ರ ಬಿಡಾರ ಹೂಡಿದವನು ಕಲಿ. ಒತ್ತುವರಿ ಮಾಡಲಿಲ್ಲ, ಆಮೇಲೆ ಸಕ್ರಮ ಮಾಡಿಕೊಡಿ ಎಂದು ಅರ್ಜಿ ಹಾಕಲಿಲ್ಲ. ಪರೀಕ್ಷಿತನ ತಲೆಯ ಮೇಲೆ ಚಿನ್ನದ ಕಿರೀಟವಿತ್ತು, ಕಲಿ ಮೊದಲು ಹೊಕ್ಕದ್ದು ಅಲ್ಲಿಗೇ ಎಂದು ಹರಿಕಥೆಯವರು ಹೇಳುತ್ತಾರೆ. ರಾಜ ಹೋಗಿ ಶಮೀಕ ಮುನಿಯ ಕೊರಳಿಗೆ ಸತ್ತ ಹಾವು ಹಾಕಿದ್ದು, ಏಳು ದಿನದಲ್ಲಿ ತಕ್ಷಕ ಕಚ್ಚಲಿ ಎಂದು ಮುನಿಯ ಮಗ ಶಪಿಸಿದ್ದು, ಎಲ್ಲ ಆ ಮೇಲೆ. ಕಿರೀಟವನ್ನು ಕಳಚಿಟ್ಟು ಜಾಗ ಹಂಚಿದ್ದರೆ ಆಗುತ್ತಿತ್ತು. ಕಲಿಯದೇನು ತಪ್ಪು?

‘ಅಕ್ಷಯ ತದಿಗೆ ದಿನ ಬೆಳಿಗ್ಗೆ ಆರಕ್ಕೇ ಬಂಗಾರದ ಅಂಗಡಿ ಮುಂದೆ ನಿಂತಿದ್ದು ಯಾರು ಅತ್ತೆ?’ ಎಂದು ಕೇಳಿದೆ. ಯುಗಾದಿ ತಿಥಿಗಳಲ್ಲಿ ಅಕ್ಷಯ ತದಿಗೆಯೂ ಒಂದು. ಯುಗ ಹುಟ್ಟಿದ ದಿನ ಊರಿಗೆ ಊರೇ ಸಾಲಾಗಿ ನಿಂತು ಕಲಿಯನ್ನು ಗ್ರಾಂ ಲೆಕ್ಕದಲ್ಲಿ, ಮೇಲೆ ಮಜೂರಿ ಕೊಟ್ಟು ಮನೆಗೆ ಕರೆತರುತ್ತದೆ.

‘ಅದು ಲಕ್ಷ್ಮಿ ಕಣೋ’ ಎಂದರು ಅತ್ತೆ, ಸೆರಗಿನಿಂದ ಬಳೆ ಮುಚ್ಚಿಕೊಂಡು.

ಭಾಗವತದ ಹನ್ನೆರಡನೆಯ ಸ್ಕಂಧದಲ್ಲಿ ಕಲಿಯುಗದ ಲಕ್ಷಣಗಳ ದೊಡ್ಡ ಪಟ್ಟಿಯೇ ಇದೆ. ಹಣವಿದ್ದವನೇ ಕುಲೀನ, ಜೋರಾಗಿ ಮಾತಾಡುವವನೇ ಪಂಡಿತ ಎಂಬವನ್ನು ಎಲ್ಲರೂ ಉದ್ಧರಿಸುತ್ತಾರೆ. ಅವುಗಳಿಗಿಂತ ನನಗೆ ಹಿಡಿಸಿದ್ದು ಎರಡು. ದೂರದಲ್ಲಿರುವ ನೀರನ್ನೇ ಜನ ತೀರ್ಥವೆನ್ನುತ್ತಾರಂತೆ. ನಮ್ಮೂರ ಕಲ್ಯಾಣಿಗೆ ಪ್ಲಾಸ್ಟಿಕ್ ಎಸೆದು, ಕಾಶಿಯಿಂದ ಗಂಗೆಯನ್ನು ತಾಮ್ರದ ಗಿಂಡಿಯಲ್ಲಿ ತರುವವರ ಬಗ್ಗೆ ಇದಕ್ಕಿಂತ ಚುರುಕಾಗಿ ಯಾರೂ ಹೇಳಲಾರರು. ಇನ್ನೊಂದು, ತಲೆಗೂದಲು ಬಿಡುವುದೇ ಲಾವಣ್ಯವೆನಿಸುತ್ತದಂತೆ. ಈ ಲಕ್ಷಣದ ಪ್ರಕಾರ ನಾನು ಮದುವೆಯಾದ ಕೆಲವೇ ವರ್ಷಗಳಲ್ಲಿ ಕಲಿಯುಗದಿಂದ ಬಿಡುಗಡೆ ಹೊಂದಿದವನು. ಈಗ ನೆತ್ತಿಯ ಮಟ್ಟಿಗೆ ದ್ವಾಪರದಲ್ಲಿದ್ದೇನೆ. ಹಿಂದಲೆಯಲ್ಲಿ ಮಾತ್ರ ಸ್ವಲ್ಪ ಕಲಿ ಉಳಿದಿದೆ.

ಕಲಿಯ ಕುರಿತು ಅತ್ತೆ ಕಲಿಸಿದ ಪಾಠ ಒಂದು ನನಗೆ ಈಗಲೂ ಬಿಟ್ಟಿಲ್ಲ. ಬಚ್ಚಲಿನಿಂದ ಬರುವಾಗ ಹಿಮ್ಮಡಿ ನೆನೆಯಬೇಕು. ನಳಮಹಾರಾಜ ಪಾದ ತೊಳೆಯದೆ ಸಂಧ್ಯಾವಂದನೆಗೆ ನಿಂತ, ಅಷ್ಟೇ ಸಂದು ಸಾಕಾಯಿತು, ಕಲಿ ಒಳಹೊಕ್ಕ. ರಾಜ್ಯ ಹೋಯಿತು, ಉಟ್ಟ ಬಟ್ಟೆ ಹೋಯಿತು, ಕಾಡಿನಲ್ಲಿ ದಮಯಂತಿಯನ್ನು ಬಿಟ್ಟುಹೋದ, ಕೊನೆಗೆ ಬಾಹುಕನಾಗಿ ಇನ್ನೊಬ್ಬರ ಕುದುರೆ ಮೇಯಿಸಿದ. ಕನಕದಾಸರ ‘ನಳಚರಿತ್ರೆ’ ಓದಿದವರಿಗೂ ಬಯಲಾಟ ನೋಡಿದವರಿಗೂ ಇದು ಗೊತ್ತು. ಮಹಾಭಾರತದ ಲೆಕ್ಕದಲ್ಲಿ ಕಲಿ ಆ ಒಂದು ಒಣಗಿದ ಪಾದಕ್ಕಾಗಿ ಹನ್ನೆರಡು ವರ್ಷ ಕಾದಿದ್ದ. ಅದೂ ತನ್ನ ಯುಗ ಬರುವ ಎಷ್ಟೋ ಮೊದಲು, ಸಂಬಳವಿಲ್ಲದೆ! ಇಷ್ಟು ಶ್ರದ್ಧೆಯಿಂದ ಕಾಯುವವರನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಕಿಟಕಿಯ ಹೊರಗಡೆ ಮಾತ್ರ ಕಂಡಿದ್ದೇನೆ.

ಇಷ್ಟಾದರೂ ಅತ್ತೆ ಕರಗಲಿಲ್ಲ. ‘ಏನೇ ಹೇಳು, ಕೃತಯುಗದಲ್ಲಿ ಹುಟ್ಟಬೇಕಿತ್ತು’ ಎಂದರು. ನಾನು ಕಾದಿದ್ದದ್ದು ಈ ಮಾತಿಗೇ. ಕೃತಯುಗ ಹೇಗಿತ್ತೆಂದು ವನಪರ್ವದಲ್ಲಿ ಹನುಮಂತನೇ ಭೀಮನಿಗೆ ಹೇಳಿದ್ದಾನೆ: ಕೊಳ್ಳುವುದಿಲ್ಲ, ಮಾರುವುದಿಲ್ಲ, ರೋಗವಿಲ್ಲ, ಹೊಟ್ಟೆಕಿಚ್ಚಿಲ್ಲ, ಜಗಳವಿಲ್ಲ.

‘ಜಗಳ ಇಲ್ಲ ಅಂದ್ರೆ ನಿಮ್ಮ ಧಾರಾವಾಹಿಗಳು ಒಂದೂ ಇಲ್ಲ’ ಎಂದೆ.

ಅತ್ತೆಯ ಕೈ ಹುರಳಿಕಾಯಿಯ ಮೇಲೆ ನಿಂತಿತು. ಆದರೂ ಅದನ್ನು ನುಂಗಿಕೊಂಡರು. ನಾನು ಮನುಸ್ಮೃತಿ ತೆಗೆದೆ. ಕೃತಯುಗದಲ್ಲಿ ಮನುಷ್ಯನ ಆಯಸ್ಸು 400 ವರ್ಷ, ಮುಂದಿನ ಒಂದೊಂದು ಯುಗಕ್ಕೂ ಅದರ ಕಾಲುಭಾಗ ಕಡಿಮೆ. ‘ಅಂದ್ರೆ ನಿಮ್ಮ ಅತ್ತೆಯವರು ಈಗಲೂ ಗಟ್ಟಿಮುಟ್ಟಾಗಿ ಇರ್ತಿದ್ರು. ಇನ್ನೂ ಇನ್ನೂರೈವತ್ತು, ಮುನ್ನೂರು ವರ್ಷ. ರೋಗವೂ ಇಲ್ಲ, ನೋಡಿ. ಅವರತ್ತೇನೂ ಇರ್ತಿದ್ರು. ಅವರತ್ತೆಯ ಅತ್ತೇನೂ.’

ಇಂಥ ಮೌನ ನಮ್ಮ ಅಡುಗೆಮನೆಯಲ್ಲಿ ಹಿಂದೆ ಇದ್ದದ್ದಿಲ್ಲ. ಮಡಿಸೀರೆಯ ಆ ಅತ್ತೆಯನ್ನು ನಾನೂ ಚಿಕ್ಕವನಿದ್ದಾಗ ಕಂಡಿದ್ದೇನೆ. ತುಪ್ಪದ ಗಿಂಡಿಯನ್ನು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು.

‘ಕಲಿಯುಗಾನೂ ದೇವರೇ ಮಾಡಿದ್ದಲ್ವೇನೋ’ ಎಂದರು ಅತ್ತೆ ಕೊನೆಗೆ, ಮೆಲ್ಲಗೆ.

ಗಾಳಿ ನನ್ನ ಕಡೆ ತಿರುಗಿದಾಗಲೇ ವಿಷ್ಣುಪುರಾಣವನ್ನೂ ಮುಂದಿಟ್ಟೆ. ವ್ಯಾಸರು ಗಂಗೆಯಲ್ಲಿ ಸ್ನಾನ ಮಾಡುತ್ತಿದ್ದಾರೆ, ಋಷಿಗಳು ದಡದಲ್ಲಿ ಕಾಯುತ್ತಿದ್ದಾರೆ. ಮುಳುಗಿ ಎದ್ದ ವ್ಯಾಸರು ಕಲಿಯೇ ಒಳ್ಳೆಯದು ಎನ್ನುತ್ತಾರೆ. ಮತ್ತೆ ಮುಳುಗಿ ಎದ್ದು ಶೂದ್ರರೇ ಧನ್ಯರು, ಇನ್ನೊಮ್ಮೆ ಎದ್ದು ಸ್ತ್ರೀಯರೇ ಧನ್ಯರು ಎನ್ನುತ್ತಾರೆ. ಋಷಿಗಳು ಬಂದ ಪ್ರಶ್ನೆಯನ್ನೇ ಮರೆತು, ಇದೇನೆಂದು ಕೇಳಿದರೆ ವ್ಯಾಸರು ದರಪಟ್ಟಿ ಬಿಡಿಸಿಡುತ್ತಾರೆ. ಕೃತಯುಗದಲ್ಲಿ ಹತ್ತು ವರ್ಷ ದುಡಿದರೆ ಬರುವ ಪುಣ್ಯ ತ್ರೇತೆಯಲ್ಲಿ ಒಂದು ವರ್ಷಕ್ಕೆ, ದ್ವಾಪರದಲ್ಲಿ ಒಂದು ತಿಂಗಳಿಗೆ, ಕಲಿಯಲ್ಲಿ ಒಂದೇ ಹಗಲುರಾತ್ರಿಗೆ. ಆಷಾಢದಲ್ಲಿ ಸೀರೆ ಅಂಗಡಿಯವರೂ ಇಷ್ಟು ಇಳಿಸುವುದಿಲ್ಲ. ಹೆಂಗಸರು ಏಕೆ ಧನ್ಯರು ಎಂಬುದಕ್ಕೆ ವ್ಯಾಸರು ಕೊಟ್ಟ ಕಾರಣ ಪತಿಸೇವೆ. ಅದನ್ನು ಅತ್ತೆಗೆ ಹೇಳುವ ಧೈರ್ಯ ಸಾಲದೆ ಹಾರಿಸಿಬಿಟ್ಟೆ.

ರಿಯಾಯಿತಿಯ ಸುದ್ದಿ ಅತ್ತೆಗೆ ಹೊಸದೇನಾಗಿರಲಿಲ್ಲ. ಅವರು ಅದನ್ನು ಬಳಸಿಕೊಳ್ಳುತ್ತಲೇ ಇದ್ದಾರೆ. ಬೆಳಗಾದರೆ ಅವರ ಫೋನು ದೇವರ ಮುಂದೆ ವಿಷ್ಣುಸಹಸ್ರನಾಮ ಹೇಳುತ್ತಿರುತ್ತದೆ, ಅವರು ಬಾಗಿಲಲ್ಲಿ ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿರುತ್ತಾರೆ. ನಡುವೆ ಬರುವ ಗೃಹಸಾಲದ ಜಾಹೀರಾತಿಗೂ ಗಂಟೆ ಅಲ್ಲಾಡಿಸಿದ್ದುಂಟು.

‘ಹೇಳೋದು ಫೋನು, ಪುಣ್ಯ ಮಾತ್ರ ನಿಮಗೆ ಹೇಗೆ ಬರುತ್ತೆ ಅತ್ತೆ?’ ಎಂದೆ.

‘ಯಾರು ಚಾರ್ಜ್ ಹಾಕಿರ್ತಾರೋ ಅವರಿಗೆ ಬರುತ್ತೆ.’

‘ದಿನಾ ಹಾಕೋನು ನಾನು.’

ಅತ್ತೆ ಒಂದು ಗಳಿಗೆ ಯೋಚಿಸಿದರು. ‘ಕರೆಂಟ್ ಬಿಲ್ಲು ಕಟ್ಟೋಳು ನಿನ್ನ ಹೆಂಡ್ತಿ ಅಲ್ವೇನೋ?’ ಎಂದು ಹುರಳಿಕಾಯಿಯ ಮೊರ ಎತ್ತಿಕೊಂಡು ಎದ್ದುಹೋದರು.