ಸಂತೋಷ ಕೊಡದ ಸೀರೆಗಳ ಪರವಾಗಿ

ಶ್ರೀಮತಿ ಮೇರಿ ಕೊಂಡೊ ಅವರಿಗೆ,

ಬೆಂಗಳೂರಿನಿಂದ ನಮಸ್ಕಾರ. ಬೀರುವೊಂದನ್ನು ಬಿಟ್ಟು ನಾವೆಲ್ಲ ಕ್ಷೇಮ.

ಬೇಡದ್ದನ್ನೆಲ್ಲ ಮನೆಯಿಂದ ಸಾಗಹಾಕುವುದು ಹೇಗೆಂದು ನೀವು ಬರೆದ ಪುಸ್ತಕ ನಮ್ಮಲ್ಲಿಗೂ ಬಂದಿದೆ. ಬೇರೆಲ್ಲೂ ಜಾಗ ಸಿಗದೆ ಅದನ್ನು ಬೀರುವಿನ ನೆತ್ತಿಯ ಮೇಲೆ, ಎರಡು ಸೂಟ್‌ಕೇಸು ಮತ್ತು ಚಳಿಗಾಲದ ರಗ್ಗುಗಳ ಮೇಲೆ ಇಟ್ಟಿದ್ದೇವೆ. ಅಷ್ಟು ಎತ್ತರದ ಸ್ಥಾನ ನಮ್ಮನೆಯಲ್ಲಿ ದೇವರಿಗೂ ಇಲ್ಲ. ಪುಸ್ತಕ ತಂದವಳು ಮಗಳು. 2019ರ ಜನವರಿ 1ರಂದು ನೆಟ್‌ಫ್ಲಿಕ್ಸಿನಲ್ಲಿ ನಿಮ್ಮ ಕಾರ್ಯಕ್ರಮ ಶುರುವಾದಾಗಿನಿಂದ ಅವಳು ನಿಮ್ಮ ಭಕ್ತೆ. ಅಮೆರಿಕದವರ ಮನೆಯಲ್ಲಿ ನೀವು ನೆಲದ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ, ಮನೆಗೇ ವಂದಿಸುವುದನ್ನು ನೋಡಿ ನನಗೂ ಗೌರವ ಹುಟ್ಟಿತು. ಓದುವ ದಿನಗಳಲ್ಲಿ ಶಿಂಟೊ ಗುಡಿಯಲ್ಲಿ ಸೇವೆ ಮಾಡಿದವರಂತೆ ನೀವು. ದಿನಾ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವ, ಆಯುಧಪೂಜೆಗೆ ಕತ್ತರಿಗೂ ಹೂವಿಡುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ವ್ಯತ್ಯಾಸ ಇಷ್ಟೇ: ನೀವು ವಸ್ತುವಿಗೆ ಧನ್ಯವಾದ ಹೇಳಿ ಕಳಿಸಿಬಿಡುತ್ತೀರಿ, ನಾವು ಕುಂಕುಮ ಹಚ್ಚಿ ಇಟ್ಟುಕೊಳ್ಳುತ್ತೇವೆ.

ನಿಮ್ಮ ಶಾಸ್ತ್ರದಂತೆ ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ನೆನಪನ್ನು ಕೊನೆಗೆ ತಳ್ಳಿದ್ದು ಜಾಣತನವೇ. ಅಷ್ಟರೊಳಗೆ ಕೈ ಪಳಗಿರುತ್ತದೆ ಎಂಬುದು ನಿಮ್ಮ ಲೆಕ್ಕ. ಆದರೆ ತಾಯಿ, ಬಟ್ಟೆ ಬೇರೆ, ನೆನಪು ಬೇರೆ ಎಂದು ವಿಂಗಡಿಸಿದವರು ಯಾರು? ನಮ್ಮ ಬೀರುವಿನಲ್ಲಿ ಎರಡಕ್ಕೂ ಒಂದೇ ಖಾನೆ.

ಆದರೂ ಮಗಳ ಮಾತಿಗೆ ಕಟ್ಟುಬಿದ್ದು ಒಂದು ಭಾನುವಾರ ಎಲ್ಲವನ್ನೂ ಮಂಚದ ಮೇಲೆ ಸುರಿದೆವು. ಬಾಗಲಕೋಟೆ ಕಡೆಯವರಾದ ನಮ್ಮ ಅತ್ತೆ ಬಾಗಿಲಲ್ಲಿ ನಿಂತು, "ಇಷ್ಟೆಲ್ಲಾ ಅರಿವಿ ಯಾಕ ಸುರುವೀರಿ? ಮನೀ ಬದಲಿ ಮಾಡ್ತೀರೇನು?" ಎಂದರು. ಒಂದೊಂದನ್ನೂ ಕೈಗೆತ್ತಿಕೊಂಡು, ಇದು ಖುಷಿ ಕೊಡುತ್ತದೋ ಇಲ್ಲವೋ ಎಂದು ಕೇಳಿಕೊಳ್ಳಬೇಕು ಎಂದು ಮಗಳು ವಿವರಿಸಿದಳು. "ಸೀರಿನ್ನ ಏನ್ ಕೇಳ್ತೀ, ಕೊಟ್ಟಾಕಿನ್ನ ಕೇಳು," ಎಂದು ಅವರು ಒಳಗೆ ಹೋದರು. ನಿಮ್ಮ ಪುಸ್ತಕಕ್ಕೆ ಇದಕ್ಕಿಂತ ಚಿಕ್ಕ ವಿಮರ್ಶೆ ಬಂದಿರಲಾರದು.

ಕೇಳಿಯೇ ನೋಡೋಣವೆಂದು ಕೂತೆ. ಗಿಳಿಹಸಿರಿನ ಸೀರೆ, ನಾದಿನಿ ಅವಳ ಮನೆ ಗೃಹಪ್ರವೇಶದಲ್ಲಿ ಕೊಟ್ಟದ್ದು. ಕೊಟ್ಟ ದಿನವೂ ಖುಷಿ ಕೊಡಲಿಲ್ಲ, ಇನ್ನು ಮುಂದೆಯೂ ಕೊಡುವುದಿಲ್ಲ. ಆದರೆ ಹಬ್ಬಕ್ಕೆ ಬಂದವಳು, "ಅತ್ತಿಗೆ, ಆ ಹಸಿರು ಸೀರೆ ಉಟ್ಟಿದ್ದೇ ನೋಡಲಿಲ್ಲವಲ್ಲ" ಎಂದರೆ ತೆಗೆದು ತೋರಿಸಬೇಕಲ್ಲ? ಅದು ಬೀರುವಿನಲ್ಲಿ ಇರುವುದು ಸಂತೋಷ ಕೊಡಲಿಕ್ಕಲ್ಲ, ಸಾಕ್ಷಿ ಹೇಳಲಿಕ್ಕೆ. ಧಾರೆ ಸೀರೆಯ ರವಿಕೆಯಲ್ಲಿ ಈಗ ನನ್ನದೊಂದು ತೋಳು ಹೊಕ್ಕರೆ ಹೆಚ್ಚು. ಅದನ್ನು ಬಿಸಾಡಿದರೆ ನಾನು ಮೊದಲು ಹೇಗಿದ್ದೆ ಎನ್ನುವುದಕ್ಕೆ ಪುರಾವೆಯೇ ಇರುವುದಿಲ್ಲ. ಫೋಟೋ ನೋಡಿದರೂ ಮಗಳು ನಂಬುವುದಿಲ್ಲ. ಅಮ್ಮನ ಒಂದು ವಾಯಿಲ್ ಸೀರೆ ಇದೆ. ಮುಟ್ಟಿದರೆ ಖುಷಿಯಲ್ಲ, ಅಳು ಬರುತ್ತದೆ. ಇಡುವುದು, ಬಿಡುವುದು ಎಂಬ ನಿಮ್ಮ ಎರಡು ರಾಶಿಗಳಲ್ಲಿ ಅದನ್ನು ಯಾವುದಕ್ಕೆ ಹಾಕಬೇಕು?

ಇನ್ನು ರವಿಕೆ ಕಣಗಳು. ನಿಮ್ಮ ದೇಶದಲ್ಲಿ ಇವು ಇಲ್ಲದಿರಬಹುದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಒಂದು ಮೀಟರು, ಜಿಪುಣರ ಮನೆಯದಾದರೆ ಎಂಬತ್ತು ಸೆಂಟಿಮೀಟರು ಬಟ್ಟೆ. ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮದ ಜೊತೆ ಮನೆಗೆ ಬಂದ ಹೆಂಗಸರಿಗೆ ಕೊಡುವುದು. ಇದನ್ನು ಯಾರೂ ಹೊಲಿಸುವುದಿಲ್ಲ. ಬಟ್ಟೆಯ ಬೆಲೆಗಿಂತ ದರ್ಜಿಯ ಕೂಲಿ ಹಲವು ಪಟ್ಟು ಹೆಚ್ಚು; ಸಾಲದ್ದಕ್ಕೆ ಇದರ ಬಣ್ಣಕ್ಕೆ ಹೊಂದುವ ಸೀರೆ ಇನ್ನೂ ನೇಯ್ದಿರುವುದಿಲ್ಲ. ವರಮಹಾಲಕ್ಷ್ಮಿಗೆ ಬಂದದ್ದು ಗೌರಿ ಹಬ್ಬದಲ್ಲಿ ಬಾಗಿನದ ಮೊರ ಸೇರುತ್ತದೆ. ಅಲ್ಲಿಂದ ನವರಾತ್ರಿಗೆ ಗೊಂಬೆ ಕೂರಿಸಿದವರ ಮನೆಗೆ ಹೋಗಿ, ಯಾರದೋ ಸೀಮಂತದಲ್ಲಿ ಮಡಿಲು ತುಂಬಿ, ಮದುವೆಮನೆಯ ತಾಂಬೂಲದ ಚೀಲದಲ್ಲಿ ಊರು ಸುತ್ತಿ ಬರುತ್ತದೆ. ಕಟ್ಟುನಿಟ್ಟಿನ ನಿಯಮ ಒಂದೇ, ಕೊಟ್ಟವರಿಗೆ ಅದು ವಾಪಸು ಹೋಗಕೂಡದು. ಅದಕ್ಕೆಂದೇ ಬುದ್ಧಿವಂತರು ಮಡಿಕೆಯೊಳಗೆ ಚೀಟಿಯಿಟ್ಟು ಕೊಟ್ಟವರ ಹೆಸರು ಬರೆದಿರುತ್ತಾರೆ. ಇವನ್ನು ನೀವು ಬಟ್ಟೆ ಎಂದುಕೊಂಡಿರಿ, ಇವು ನೋಟುಗಳು. ಚಲಾವಣೆಯಲ್ಲಿರುವ ನೋಟನ್ನು ಕೈಯಲ್ಲಿ ಹಿಡಿದು, ನೀನು ನನಗೆ ಖುಷಿ ಕೊಡುತ್ತೀಯಾ ಎಂದು ಯಾರಾದರೂ ಕೇಳುತ್ತಾರೆಯೇ? ರವಿಕೆ ಕಣದ ರಾಶಿ ಖಾಲಿ ಮಾಡಿದ ಹೆಂಗಸು, ಶುಕ್ರವಾರ ಸಂಜೆ ಹೇಳದೆ ಕೇಳದೆ ಮೂವರು ಮುತ್ತೈದೆಯರು ಬಂದರೆ ದಿವಾಳಿ.

ಈ ಚಲಾವಣೆಗೆ ನಮ್ಮ ಅತ್ತೆಯದೊಂದು ಅಪವಾದವುಂಟು. ಗುಳೇದಗುಡ್ಡದ ಖಣ ಬಂದರೆ ಅವರು ಮುಂದಕ್ಕೆ ದಾಟಿಸುವುದಿಲ್ಲ. ಕಿರಿ ಪನ್ನ, ಎರಡು ಕಡೆ ಅಂಚು, ಮೈತುಂಬ ಸಣ್ಣ ಸಣ್ಣ ಚಿತ್ತಾರ. ಅದನ್ನು ಹೊಲಿಸಿ ತೊಡುತ್ತಾರೆ. ಅದರೊಳಗೆ ಚೀಟಿ ಇಡುವುದಿಲ್ಲ, ಕೊಟ್ಟವರು ಯಾರೆಂಬುದು ಮರೆಯುವುದಿಲ್ಲ.

ಮಡಿಸುವ ವಿದ್ಯೆಗೆ ಬರೋಣ. ಎಲ್ಲವನ್ನೂ ಆಯತವಾಗಿ ಮಡಿಸಿ ಡ್ರಾಯರಿನಲ್ಲಿ ಸಾಲಾಗಿ ನಿಲ್ಲಿಸಬೇಕೆನ್ನುತ್ತೀರಿ. ಟೀ ಶರ್ಟು ನಿಂತಿತು. ಐದೂವರೆ ಮೀಟರಿನ ಮೈಸೂರು ಸಿಲ್ಕನ್ನು ನಿಲ್ಲಿಸಲು ಹೋದೆ. ಅದು ಮೆಲ್ಲಗೆ ಜಾರಿ ಮಲಗಿತು, ಯಾರ ಅಪ್ಪಣೆಗೂ ನಿಲ್ಲುವ ಜಾತಿಯಲ್ಲ ಅದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸೀರೆ. ಆ ಕಾರ್ಖಾನೆ ನಡೆಸುವ ಕೆಎಸ್‌ಐಸಿ ಹೇಳುವ ಪ್ರಕಾರ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಜರಿಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಗೆರೆ ಹಿಡಿದು ಸೀಳುತ್ತದೆ, ಆಗಾಗ ತೆಗೆದು ಮಡಿಕೆ ಬದಲಿಸಬೇಕು. ನುಸಿ ಗುಳಿಗೆ ತಾಗಿದರೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಒಳಗೇ ತೇವ ಕಟ್ಟುತ್ತದೆ. ಹಾಗಾಗಿ ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕು. ಅಂದರೆ, ಬಿಸಾಡಬೇಕೆಂದು ನೀವು ಮೊದಲು ಬೊಟ್ಟು ಮಾಡುವ ಆ ಹಳೇ ಪಂಚೆಯನ್ನೂ ಬಿಸಾಡುವಂತಿಲ್ಲ.

ಬೀರುವಿನ ವಂಶವನ್ನೂ ತಿಳಿಸಿಬಿಡುತ್ತೇನೆ. 1897ರಲ್ಲಿ ಬೀಗ ಮಾಡಲು ಶುರು ಮಾಡಿದ ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರುವಿಗೆ ಕೈ ಹಾಕಿತು. ಆಮೇಲೆ ಯಾವ ಕಂಪನಿಯದಾದರೂ, ಯಾವ ಬೀದಿಯ ವೆಲ್ಡಿಂಗ್ ಅಂಗಡಿಯದಾದರೂ ಅದೇ ಅಚ್ಚು: ಹೊರಗೆ ಹಿಡಿ ತಿರುಗಿಸುವ ಬಾಗಿಲು, ಒಳಗೆ ಲಾಕರು, ಲಾಕರಿನೊಳಗೆ ಗುಟ್ಟಿನ ಖಾನೆ. ಕಳ್ಳರಿಂದ ಕಾಪಾಡಲಿಕ್ಕೆ ಕಟ್ಟಿದ್ದನ್ನು ಮಾಲೀಕರ ಕೈಯಿಂದಲೇ ಖಾಲಿ ಮಾಡಿಸಲು ಹೊರಟವರು ನೀವೇ ಮೊದಲಿಗರು.

ಯಜಮಾನರ ಖಾನೆಯ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಬನಿಯನ್ನು ಮೊದಲು ಮೈಗೆ, ಆಮೇಲೆ ಸ್ಕೂಟರ್ ಒರೆಸಲಿಕ್ಕೆ, ಅದಾದ ಮೇಲೆ ನೆಲಕ್ಕೆ. ಹಿಂಬಡ್ತಿಯುಂಟು, ನಿವೃತ್ತಿಯಿಲ್ಲ.

ನಾವು ಏನನ್ನೂ ಬಿಡದ ಜನ ಎಂದುಕೊಳ್ಳಬೇಡಿ. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ನಮ್ಮ ಬೀದಿಗೂ ಬರುತ್ತಿದ್ದಳು. ಸೀರೆಯನ್ನು ಬೆಳಕಿಗೆ ಹಿಡಿದು, ಸೆರಗು ಎಳೆದು ನೋಡಿ, "ಇದಕ್ಕೆ ಒಂದು ಲೋಟ ಬರುತ್ತೆ ಅಷ್ಟೇ ಅಕ್ಕ" ಎನ್ನುವಳು. ಅವಳೆದುರು ಜಗಲಿಯಲ್ಲಿ ಅರ್ಧ ದಿನ ಕೂತು ಲೋಟವನ್ನು ಡಬರಿಗೆ ಏರಿಸಿದ ಮೇಲೆ ಸೀರೆ ಹೋಯಿತೆಂಬ ದುಃಖ ಯಾರಿಗೂ ಉಳಿಯುತ್ತಿರಲಿಲ್ಲ. ಅತ್ತೆಯ ಊರಿನಲ್ಲಿ ಅದೂ ಇರಲಿಲ್ಲ. ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಪದರ ಪದರವಾಗಿ ಸೇರಿ ಕೌದಿಯಾಗುತ್ತಿತ್ತು. ಉದ್ದುದ್ದ ಹೊಲಿಗೆ, ಮೂಲೆಗೆ ತ್ರಿಕೋನದ ತುಂಡು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಇಂಥದೇ ಹೊದಿಕೆಗಳು ಈಗ ಪ್ರದರ್ಶನಗಳ ಗೋಡೆ ಏರುತ್ತಿವೆ. ನಮ್ಮತ್ತೆಯ ಕೌದಿಯಲ್ಲಿ ಅವರ ಅತ್ತೆಯ ಸೀರೆಯೊಂದಿದೆ. ಆಕೆ ಬದುಕಿದ್ದಾಗ ಇಬ್ಬರಿಗೂ ಮಾತಿರಲಿಲ್ಲವಂತೆ. ಈಗ ನಮ್ಮತ್ತೆ ದಿನಾ ರಾತ್ರಿ ಅದನ್ನೇ ಹೊದ್ದು ಮಲಗುತ್ತಾರೆ.

ನಿಮ್ಮ ಪುಸ್ತಕದಲ್ಲಿ ನನಗೆ ಸಿಗದೇ ಹೋದದ್ದೊಂದಿದೆ: ಬೇಡದ ಬಟ್ಟೆ ಚೀಲ ಸೇರಿದ ಮೇಲೆ ಎಲ್ಲಿಗೆ ಹೋಗುತ್ತದೆ? ಉತ್ತರ ನಾವು ಬಲ್ಲೆವು. ಶ್ರೀಮಂತ ದೇಶಗಳ ಹಗುರಾದ ಕಪಾಟುಗಳ ಹೊರೆಯಲ್ಲಿ ಒಂದು ಪಾಲು ಹಡಗು ಹತ್ತಿ ಹರಿಯಾಣದ ಪಾಣಿಪತ್ತಿಗೆ ಬರುತ್ತದೆ. ಅಲ್ಲಿ ಹೆಂಗಸರು ಗುಂಡಿ, ಜಿಪ್ಪು ಕತ್ತರಿಸಿ, ಬಣ್ಣ ನೋಡಿ ರಾಶಿ ಮಾಡುತ್ತಾರೆ. ಯಂತ್ರಗಳು ಅದನ್ನು ಚಿಂದಿ ಮಾಡಿ ಒರಟು ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತವೆ. ಮನೆಯೊಳಗಿನ ಚಿಂದಿಯನ್ನೇ ನಾವು ಸರಿಯಾಗಿ ಮುಗಿಸಿಲ್ಲ, ನಿಮ್ಮ ಶಿಷ್ಯರದೂ ನಮ್ಮ ದೇಶಕ್ಕೇ ಬರುತ್ತದೆ. ನಾವೇನು ಕಡಿಮೆಯಿಲ್ಲ ಬಿಡಿ. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ ಉಕ್ಕಿದಾಗ ಬೆಂಗಳೂರಿನ ಬೀರುಗಳಿಗೂ ಪುಣ್ಯಕಾಲ ಬಂತು. ಬೇಡದ್ದೆಲ್ಲ ಮೂಟೆ ಕಟ್ಟಿ ಲಾರಿಗೇರಿಸಿದೆವು. ಎಲ್ಲ ಕಳೆದುಕೊಂಡವರಿಗೆ ಬೇಕಾಗಿದ್ದದ್ದು ಹೊಸ ಲಂಗ, ಒಳ ಉಡುಪು, ಟವೆಲು. ನಾವು ಕಳಿಸಿದ್ದು ಜಿಪ್ಪು ಕೆಟ್ಟ ಜೀನ್ಸು. ನಮ್ಮ ಮನೆ ಹಗುರಾಯಿತು, ಅವರ ಶಾಲೆಯ ವರಾಂಡ ತುಂಬಿತು. ಆ ಮೂಟೆಗಳಿಗೆ ದಾನವೆಂಬ ಹೆಸರು ನನಗಂತೂ ಬಾಯಲ್ಲಿ ಬರುವುದಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ನೀವೊಂದು ಆನ್‌ಲೈನ್ ಅಂಗಡಿ ತೆರೆದಿರಿ. ಜನರ ಮನೆ ಖಾಲಿ ಮಾಡಿಸಿದ ಮೇಲೆ ತುಂಬಲು ಏನಾದರೂ ಬೇಕಲ್ಲ. ಅಲ್ಲಿ 75 ಡಾಲರಿಗೆ ಒಂದು ಶ್ರುತಿಕವೆ, ಜೊತೆಗೆ ಒಂದು ಸ್ಫಟಿಕ ಎಂದು ಓದಿ ನಮಗೆ ನಿಮ್ಮಲ್ಲಿ ಬಂಧುಭಾವ ಮೂಡಿತು. 2023ರ ಜನವರಿಯಲ್ಲಂತೂ, ಮೂರನೆಯ ಮಗು ಹುಟ್ಟಿದ ಮೇಲೆ ಮನೆ ಓರಣವಾಗಿಡುವ ಹಟ ಒಂದಿಷ್ಟು ಬಿಟ್ಟಿದ್ದೇನೆ ಎಂದು ನೀವೇ ಹೇಳಿದ್ದು ಪತ್ರಿಕೆಯಲ್ಲಿ ಬಂತು. ಮಗಳಿಗೆ ಆಘಾತ. ಅತ್ತೆಗೆ ಮಾತ್ರ ಪರಮಾನಂದ: "ಮೂರ ಮಕ್ಕಳ ತಾಯಿ, ಪಾಪ, ಎಷ್ಟಂತ ಮಡಚ್ಯಾಳು?"

ಆದ್ದರಿಂದ ಈ ಪತ್ರದ ಮೂಲಕ ನಿಮ್ಮನ್ನು ಬರುವ ಗೌರಿ ಹಬ್ಬಕ್ಕೆ ಕರೆಯುತ್ತಿದ್ದೇವೆ. ಮಕ್ಕಳನ್ನೂ ಕರೆದುಕೊಂಡು ಬನ್ನಿ. ಅಕ್ಕಪಕ್ಕದ ಮನೆಯವರಿಗೆ ಈಗಾಗಲೇ ಹೇಳಿಯಾಗಿದೆ, ಅವರೂ ನಿಮ್ಮನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಬರುವಾಗ ದೊಡ್ಡ ಸೂಟ್‌ಕೇಸು ತನ್ನಿ. ಕುಂಕುಮವಿಟ್ಟು ಕೈಗೆ ಕೊಟ್ಟದ್ದನ್ನು ಅಲ್ಲೇ ನಿಂತು ಖುಷಿ ಕೊಡುತ್ತೀಯಾ ಎಂದು ಕೇಳಬೇಡಿ, ಕೊಟ್ಟವರು ನೋಡುತ್ತಿರುತ್ತಾರೆ. ವಿಮಾನ ಹತ್ತುವ ಮುಂಚೆ ಒಂದೊಂದೇ ಬಿಚ್ಚಿ ಚೀಟಿ ತೆಗೆದುಬಿಡಿ. ಗಿಳಿಹಸಿರಿನದರಲ್ಲಿ ನನ್ನ ನಾದಿನಿಯ ಹೆಸರಿದ್ದರೆ ಅವಳಿಗೆ ಹೇಳಬೇಡಿ.

ಇಂತಿ,
ಬೀರುವಿನ ಕೀಲಿ ಸೊಂಟದಲ್ಲಿರುವವಳು